ಕಕ್ಷಿಗಾರರ ಮೇಲ್‌ಗೆ ತಾನಾಗಿ ಒಂದು ಪ್ರತಿ: ಪೋಸ್ಟ್‌ಫಿಕ್ಸ್‌ನಲ್ಲಿ ಮಾಡುವ ಕ್ರಮ

ಕಾಸರಗೋಡು, ಮಂಜೇಶ್ವರ ಕಡೆಯ ವಕೀಲರ, ಆಡಿಟರ್‌ಗಳ ಕಚೇರಿಗೆ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಮೇಲ್ ಬರುತ್ತದೆ. ಎಲ್ಲದರ ಪ್ರತಿ ಒಂದೇ ಪೆಟ್ಟಿಗೆಗೆ ಬೀಳಬೇಕಾದರೆ ಆ ಕೆಲಸವನ್ನು ಸರ್ವರ್‌ಗೇ, ಅಂದರೆ ಅಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್‌ಗೇ ಒಪ್ಪಿಸಬೇಕು. ಒಬ್ಬೊಬ್ಬರ ಕಂಪ್ಯೂಟರ್‌ನಲ್ಲಿ ಹಾಕಿದ ರೂಲ್ ಆ ಕಂಪ್ಯೂಟರ್ ಆಫ್ ಆದ ಕೂಡಲೇ ನಿಲ್ಲುತ್ತದೆ.

ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಇರುವ ಮೇನ್.ಸಿಎಫ್ ಫೈಲಿನಲ್ಲಿ ಎರಡು ಸಾಲು ಬೇಕು. ಕಕ್ಷಿಗಾರರಿಂದ ಬರುವುದಕ್ಕೆ ಸೆಂಡರ್_ಬಿಸಿಸಿ_ಮ್ಯಾಪ್ಸ್, ನಾವು ಅವರಿಗೆ ಕಳಿಸುವುದಕ್ಕೆ ರೆಸಿಪಿಯಂಟ್_ಬಿಸಿಸಿ_ಮ್ಯಾಪ್ಸ್. ಎರಡೂ ಒಂದೇ ಪಟ್ಟಿಯನ್ನು ತೋರಿಸಬಹುದು: ಸಾಲಿನ ಎಡಕ್ಕೆ ಕಕ್ಷಿಗಾರರ ವಿಳಾಸ, ಬಲಕ್ಕೆ ಪ್ರತಿ ಹೋಗಬೇಕಾದ ವಿಳಾಸ. ಸ್ವಂತ ಡೊಮೇನ್ ಇರುವ ಕಂಪನಿಗೆ ಎಡಗಡೆ '@' ಹಾಕಿ ಡೊಮೇನ್ ಮಾತ್ರ ಬರೆದರೆ ಸಾಕು. ಅಡಿಕೆ ವ್ಯಾಪಾರಿಗಳಂತೆ ಜಿಮೇಲ್ ಬಳಸುವವರಿಗೆ ಪೂರ್ತಿ ವಿಳಾಸವನ್ನೇ ಬರೆಯಿರಿ. ಜಿಮೇಲ್ ಡೊಮೇನನ್ನೇ ಹಾಕಿದರೆ ಊರಿನವರ ಮೇಲ್ ಎಲ್ಲ ಬಂದು ಬೀಳುತ್ತದೆ. ಬಲಗಡೆ ಒಂದೇ ವಿಳಾಸಕ್ಕೆ ಅವಕಾಶ; ಇಬ್ಬರಿಗೆ ಬೇಕಾದರೆ ಅಲಿಯಾಸ್ (ಇಬ್ಬರಿಗೂ ಹಂಚುವ ಒಂದು ವಿಳಾಸ) ಮಾಡಿ. ಪಟ್ಟಿ ತಿದ್ದಿದಾಗಲೆಲ್ಲ, ಅದನ್ನು ಸರ್ವರ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಆದೇಶ ಓಡಿಸಿ. ಅದನ್ನು ಮರೆತರೆ ಸರ್ವರ್ ಹಳೆಯ ಪಟ್ಟಿಯನ್ನೇ ಓದುತ್ತಿರುತ್ತದೆ.

ಸೆಂಡರ್ ಪಟ್ಟಿ ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು (ಮೇಲ್ ಸಾಗಿಸುವಾಗ ಸರ್ವರ್‌ಗಳು ತಮ್ಮಲ್ಲಿ ಹೇಳಿಕೊಳ್ಳುವ ವಿಳಾಸ), ಒಳಗಿನ ಕಾಗದದ 'ಫ್ರಮ್' ಸಾಲನ್ನಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಮೂಲಕ ಕಳಿಸಿದ ಮೇಲ್‌ನಲ್ಲಿ ಇವೆರಡೂ ಬೇರೆ ಬೇರೆ ಇರಬಹುದು, ಆಗ ಪ್ರತಿ ಸಿಗುವುದಿಲ್ಲ. ಪೋಸ್ಟ್‌ಫಿಕ್ಸ್ 3.0ರಿಂದ ಹೆಡರ್_ಚೆಕ್ಸ್‌ನಲ್ಲಿ (ಮೇಲ್‌ನ ತಲೆಬರಹದ ಸಾಲುಗಳನ್ನು ನೋಡುವ ನಿಯಮಗಳು) ಬಿಸಿಸಿ ಎಂಬ ಆದೇಶ ಇದೆ, ಅದರಿಂದ 'ಫ್ರಮ್' ಸಾಲನ್ನೇ ನೋಡಿ ಪ್ರತಿ ತೆಗೆಯಬಹುದು.

ವಿಷಯದ ಸಾಲು ನೋಡಿ ಪ್ರತಿ ತೆಗೆಯಬೇಕಾದರೆ ಮಾತ್ರ ಹೆಡರ್_ಚೆಕ್ಸ್ ಕೈಕೊಡುತ್ತದೆ. 'ಜಾಗದ ಆಧಾರ' (ಜಾಗದ ದಸ್ತಾವೇಜು) ಎಂದು ಕನ್ನಡದಲ್ಲಿ ಬರೆದದ್ದು ಸರ್ವರ್‌ಗೆ ಬರುವಾಗ ಸಾಮಾನ್ಯವಾಗಿ ಬೇಸ್64 ಎಂಬ ಸಂಕೇತ ರೂಪದಲ್ಲಿ ಗುರುತೇ ಸಿಗದಂತೆ ಇರುತ್ತದೆ, ಪೋಸ್ಟ್‌ಫಿಕ್ಸ್ ಅದನ್ನು ಬಿಡಿಸಿ ಓದುವುದಿಲ್ಲ. ಬಿಡಿಸಿ ಓದುವುದು, ಮೇಲನ್ನು ಪೆಟ್ಟಿಗೆಗೆ ಹಾಕುವ ಡವ್‌ಕಾಟ್ ಸಾಫ್ಟ್‌ವೇರ್‌ನ ಸೀವ್ ಎಂಬ ರೂಲ್ ವ್ಯವಸ್ಥೆ. ಅಲ್ಲಿ ರಿಡೈರೆಕ್ಟ್ (ಬೇರೆ ವಿಳಾಸಕ್ಕೆ ಕಳಿಸುವ ಆದೇಶ) ಜೊತೆ ':ಕಾಪಿ' ಸೇರಿಸಲೇಬೇಕು, ಇಲ್ಲದಿದ್ದರೆ ಮೇಲ್ ಪ್ರತಿಯ ಪೆಟ್ಟಿಗೆಗೆ ಮಾತ್ರ ಹೋಗಿ, ಮೂಲ ವಿಳಾಸದವರ ಇನ್‌ಬಾಕ್ಸ್ ಖಾಲಿ ಉಳಿಯುತ್ತದೆ. ಮಲಯಾಳದ ಪದಗಳಿಗೆ ಇನ್ನೊಂದು ತೊಡಕು. ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನವನ್ನು ತೋರಿಸುವ ಅಕ್ಷರಗಳು) 2008ರ ಯೂನಿಕೋಡ್ 5.1ರಲ್ಲಿ ಸ್ವತಂತ್ರ ಸಂಕೇತ ಬಂತು. ಅದಕ್ಕೆ ಮೊದಲಿನ ಕ್ರಮದಲ್ಲಿ ಜೋಡಿಸಿ ಬರೆಯುವುದೂ ನಿಂತಿಲ್ಲ. ಮಲಯಾಳದಲ್ಲಿ ಕಾಸರಗೋಡಿನ ಹೆಸರಲ್ಲೇ ಚಿಲ್ಲು 'ರ್' ಇದೆ. ಕಣ್ಣಿಗೆ ಎರಡೂ ಒಂದೇ, ಸೀವ್‌ಗೆ ಬೇರೆ ಬೇರೆ. ರೂಲ್‌ನಲ್ಲಿ ಎರಡು ರೂಪವನ್ನೂ ಕೊಡಿ.

ಪ್ರತಿಯ ಪೆಟ್ಟಿಗೆ ಅದೇ ಸರ್ವರ್‌ನಲ್ಲಿರಲಿ. ಹೊರಗಿನ ಖಾತೆಗೆ ಕಳಿಸಿದರೆ ಲಕೋಟೆಯ ಮೇಲೆ ಕಕ್ಷಿಗಾರರ ವಿಳಾಸ, ತಲುಪಿಸುವುದು ನಮ್ಮ ಸರ್ವರ್. ಆ ವಿಳಾಸದ ಪರವಾಗಿ ಕಳಿಸಲು ಈ ಸರ್ವರ್‌ಗೆ ಒಪ್ಪಿಗೆ ಇದೆಯೇ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆ ಅಲ್ಲೇ ಸೋಲುತ್ತದೆ. ಕಳಿಸಿದವರ ಡೊಮೇನ್ ಹಾಕುವ ಡಿಕಿಮ್ ಎಂಬ ಡಿಜಿಟಲ್ ಸಹಿಯೂ ಇಲ್ಲದಿದ್ದರೆ ಮೇಲ್ ತಿರಸ್ಕೃತವಾಗಬಹುದು. ವೈರಸ್, ಸ್ಪ್ಯಾಮ್ ಸೋಸುವ ಅಮಾವಿಸ್‌ನಂಥ ಫಿಲ್ಟರ್ ಇದ್ದರೆ ಮೇಲ್ ಪೋಸ್ಟ್‌ಫಿಕ್ಸ್ ಮೂಲಕ ಎರಡು ಸಲ ಹಾದುಹೋಗುವುದರಿಂದ ಒಂದೇ ಮೇಲ್‌ಗೆ ಎರಡು ಪ್ರತಿ ಬೀಳಬಹುದು. ಫಿಲ್ಟರ್‌ಗೆ ಮುಂಚಿನ ಎಸ್‌ಎಂಟಿಪಿಡಿಗೆ (ಪೋಸ್ಟ್‌ಫಿಕ್ಸ್‌ನಲ್ಲಿ ಮೇಲ್ ಸ್ವೀಕರಿಸುವ ಭಾಗ) ನೋ_ಅಡ್ರೆಸ್_ಮ್ಯಾಪಿಂಗ್ಸ್ ಕೊಡಿ. ಪೆಟ್ಟಿಗೆ ಎಲ್ಲ ಮೇಲನ್ನೂ ಒಂದೇ ಫೈಲಿನಲ್ಲಿಡುವ ಎಂಬಾಕ್ಸ್ ರೂಪದಲ್ಲಿದ್ದು ಪೋಸ್ಟ್‌ಫಿಕ್ಸೇ ಅದಕ್ಕೆ ತುಂಬಿಸುತ್ತಿದ್ದರೆ, 5,12,00,000 ಬೈಟ್‌ನ ಮೂಲ ಮಿತಿ ಸ್ಕ್ಯಾನ್ ಮಾಡಿದ ದಸ್ತಾವೇಜುಗಳಿಂದ ಬೇಗ ಮುಗಿಯುತ್ತದೆ. ಒಂದೊಂದು ಮೇಲನ್ನೂ ಬೇರೆ ಫೈಲಿನಲ್ಲಿಡುವ ಮೇಲ್‌ಡಿರ್ ಬಳಸಿ. ಪ್ರತಿ ಇಟ್ಟುಕೊಳ್ಳುತ್ತೇವೆ ಎಂದು ಕಕ್ಷಿಗಾರರಿಗೂ ಸಿಬ್ಬಂದಿಗೂ ಮೊದಲೇ ಬರವಣಿಗೆಯಲ್ಲಿ ತಿಳಿಸಿ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಪಾಯ ಮೌನ. ಪೋಸ್ಟ್‌ಫಿಕ್ಸ್ 2.3ರಿಂದ ಈಚೆಗೆ ಪ್ರತಿಯ ವಿಳಾಸಕ್ಕೆ 'ನೋಟಿಫೈ=ನನ್' ಗುರುತು ಬೀಳುತ್ತದೆ. ಪ್ರತಿ ತಲುಪದಿದ್ದರೆ ಕಕ್ಷಿಗಾರರಿಗೆ ಬೌನ್ಸ್ (ಮೇಲ್ ತಲುಪಲಿಲ್ಲ ಎಂಬ ಸೂಚನೆ) ಹೋಗುವುದಿಲ್ಲ, ಅದು ಒಳ್ಳೆಯದೇ. ಆದರೆ ನಿಮಗೂ ಗೊತ್ತಾಗುವುದಿಲ್ಲ. ಪಟ್ಟಿಯಲ್ಲಿರುವ ಒಂದು ವಿಳಾಸದಿಂದ ಕಚೇರಿಯ ಒಬ್ಬರಿಗೆ ಪರೀಕ್ಷೆಯ ಮೇಲ್ ಕಳಿಸಿ ಲಾಗ್ (ಸರ್ವರ್‌ನ ದಾಖಲೆ) ನೋಡಿ: ಕ್ಯೂಎಂಜಿಆರ್ ಎಂದಿರುವ ಸಾಲಿನಲ್ಲಿ 'ಎನ್‌ಆರ್‌ಸಿಪಿಟಿ=2' (ಪಡೆಯುವ ವಿಳಾಸ ಎರಡು) ಇರಬೇಕು, ಅದೇ ಕ್ಯೂ ಐಡಿಗೆ (ಆ ಮೇಲ್‌ಗೆ ಸರ್ವರ್ ಕೊಟ್ಟ ಗುರುತು) 'ಸ್ಟೇಟಸ್=ಸೆಂಟ್' ಎರಡು ಸಲ ಬರಬೇಕು. ಆಮೇಲೆ ದಿನಕ್ಕೊಮ್ಮೆ ಪ್ರತಿಯ ವಿಳಾಸದ ಹೆಸರಲ್ಲಿ 'ಡಿಫರ್ಡ್' (ಮುಂದೂಡಿದ್ದು), 'ಬೌನ್ಸ್ಡ್' (ತಲುಪದೆ ಹೋದದ್ದು) ಇವೆಯೇ ಎಂದು ಲಾಗ್ ಹುಡುಕುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸ) ಹಾಕಿ. ಆ ವರದಿ ಬೇರೊಂದು ಪೆಟ್ಟಿಗೆಗೆ ಬರಲಿ.