ಅಮ್ಮನವರುಗಳ ರಿಟ್ರೀಟ್‌ಗೆ ಚಿಕ್ಕಮಗಳೂರಿಗೆ ಹೋಗುವವರಿಗೆ

ಸಭಾಪಾಲಕರ (ಚರ್ಚ್ ಪಾಸ್ಟರ್‌ಗಳ) ಹೆಂಡತಿಯರಿಗೆ, ಅಂದರೆ ನಾವು ಅಮ್ಮನವರು ಅನ್ನುವವರಿಗೆ, ಚರ್ಚಿನ ಸ್ತ್ರೀ ಸಂಘ ನಡೆಸುವವರಿಗೆ ಒಂದು ರಿಟ್ರೀಟ್ (ಮನೆ ಬಿಟ್ಟು ಕೆಲವು ದಿನದ ಪ್ರಾರ್ಥನೆ, ವಿಶ್ರಾಂತಿ) ಇಡಬೇಕು ಅಂದುಕೊಂಡಿದ್ದರೆ ಮೊದಲು ಕ್ಯಾಲೆಂಡರ್ ತೆಗೆದುಕೊಂಡು ಕೂರಿ. ಜಾಗ ಹುಡುಕುವುದು ಆಮೇಲೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ಕಡೆಯ ಸಭೆಗಳ (ಚರ್ಚ್‌ಗಳ) ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಮಧ್ಯೆ ಕ್ರಿಸ್ಮಸ್ ಬೇರೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಉಪವಾಸ ಕೂಟ, ಮನೆ ಪ್ರಾರ್ಥನೆ. ಮೇ ಬಂದರೆ ಮದುವೆಗಳು, ಮಕ್ಕಳ ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ). ಜೂನ್ ಮೇಲೆ ಮಳೆ, ಇಂಬಳ (ಜಿಗಣೆ). ದಸರಾ ರಜೆಯಲ್ಲಿ ಹೋಮ್‌ಸ್ಟೇ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಈಸ್ಟರ್ ಆದ ಮಾರನೆಯ ವಾರವೇ ಒಳ್ಳೆಯದು. ನಾವು ಹೋದದ್ದೂ ಆಗಲೇ. ಸೋಮವಾರ ಮಧ್ಯಾಹ್ನ ಸೇರಿ ಗುರುವಾರ ಹೊರಡುವ ಹಾಗೆ ಇಟ್ಟುಕೊಳ್ಳಿ. ಅಮ್ಮನವರು ಭಾನುವಾರ ಕಾಣಿಸದಿದ್ದರೆ ಸಭೆಯಲ್ಲಿ ಏನೇನು ಮಾತು ಬರುತ್ತದೆ ಅಂತ ನಿಮಗೇ ಗೊತ್ತಲ್ವಾ.

ಪ್ರಯಾಣದ ಖರ್ಚಿಗೆ ಹೆದರಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ರಾಜಹಂಸ, ಎ.ಸಿ., ಸ್ಲೀಪರ್‌ಗೆ ಇದು ನಡೆಯುವುದಿಲ್ಲ. ಬೆಂಗಳೂರಿನವರಿಗೆ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲೂ ಇದೆ. ಹಾಸನದಿಂದ ಬೇಲೂರು ಹಾದು ಚಿಕ್ಕಮಗಳೂರು ಅರವತ್ತು ಕಿಲೋಮೀಟರ್ ಚಿಲ್ಲರೆ. ಮಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬರುವವರು ಬಸ್ಸಿನ ಮುಂದಿನ ಸೀಟು ಹಿಡಿಯಿರಿ, ಹೊಟ್ಟೆ ತುಂಬಾ ತಿಂದು ಹತ್ತಬೇಡಿ.

ತೋಟದೊಳಗಿನ ಹೋಮ್‌ಸ್ಟೇ ಹಿಡಿಯುವುದಾದರೆ ಪೂರ್ತಿಯಾಗಿ ಬುಕ್ ಮಾಡಿ. ಪಕ್ಕದ ಕಾಟೇಜಿನಲ್ಲಿ ಟೂರಿಸ್ಟ್‌ಗಳು ಬೆಂಕಿ ಹಾಕಿ ಕುಣಿಯುತ್ತಿದ್ದರೆ ಧ್ಯಾನ ಎಲ್ಲಿಂದ ಬರಬೇಕು! ಮಂಡಿ ನೋವಿನವರಿಗೆ ಕೆಳಗಿನ ಕೋಣೆ, ವೆಸ್ಟರ್ನ್ ಟಾಯ್ಲೆಟ್ ಇದೆಯಾ ಅಂತ ಮೊದಲೇ ಕೇಳಿ.

ಅಡುಗೆಗೆ ಕಡ್ಡಾಯವಾಗಿ ಭಟ್ಟರನ್ನು ಗೊತ್ತು ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಮೊದಲ ಸಂಜೆಯೇ ಆರೇಳು ಜನ ಅಡುಗೆಮನೆಗೆ ನುಗ್ಗಿ ಈರುಳ್ಳಿ ಹೆಚ್ಚಲು ಕೂತರು. ಯಾರೂ ಕರೆದಿರಲಿಲ್ಲ. ವರ್ಷವಿಡೀ ಬಂದವರಿಗೆಲ್ಲ ಕಾಫಿ ಕೊಟ್ಟು, ಸಂಬಳವಿಲ್ಲದೆ ಸಂಘದ ಅಧ್ಯಕ್ಷೆಯಾಗಿ, ಅಯ್ಯನವರಿಗೆ (ಪಾಸ್ಟರ್ ಆದ ಗಂಡನಿಗೆ) ಟ್ರಾನ್ಸ್‌ಫರ್ ಬಂದ ಕೂಡಲೇ ಪಾತ್ರೆ ಕಟ್ಟಿ ಹೊರಡುವವರ ಕೈಗೆ ಸುಮ್ನೆ ಕೂರುವುದು ಗೊತ್ತಿಲ್ಲ. ಕೊನೆಗೆ ಒಬ್ಬ ಹಿರಿಯಕ್ಕ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು: ಅಲ್ಲಿ ಯಾರೂ ಯಾರನ್ನೂ 'ಅಮ್ಮನವರೇ' ಅನ್ನುವ ಹಾಗಿಲ್ಲ. ಹೆಸರು, ಇಲ್ಲವೇ ಅಕ್ಕ. ಗಂಡಂದಿರನ್ನು ಉದ್ಘಾಟನೆಗೂ ಕರೆಯಬೇಡಿ. ಒಂದೇ ಸಭೆಯವರನ್ನು ಒಂದೇ ಕೋಣೆಗೆ ಹಾಕಬೇಡಿ.

ಮೊದಲ ಬೆಳಿಗ್ಗೆ ಊಟದವರೆಗೆ ಮೌನ, ಫೋನುಗಳೆಲ್ಲ ಒಂದು ಬುಟ್ಟಿಗೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಆಗಿತ್ತು, ಕಾಫಿ ಗಿಡಗಳ ಮಧ್ಯೆ ಓಡಾಡಿದೆವು. ಕೆಲವರು ನಿದ್ದೆ ಮಾಡಿದರು, ಅದಕ್ಕೂ ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಸಮಾಧಾನದ ತರಬೇತಿ, ಅಂದರೆ ಜಗಳ, ಮನಸ್ತಾಪ ಬಗೆಹರಿಸುವುದನ್ನು ಕಲಿಯುವುದು. ಓದಿದ್ದು ಬೈಬಲಿನ ಮೊದಲನೆಯ ಸಮುವೇಲನ 25ನೇ ಅಧ್ಯಾಯ. ನಾಬಾಲ ಅನ್ನುವ ಸಾಹುಕಾರ ದಾವೀದನ ಆಳುಗಳಿಗೆ ಅವಮಾನ ಮಾಡುತ್ತಾನೆ. ದಾವೀದ 400 ಜನರನ್ನು ಕಟ್ಟಿಕೊಂಡು ಕತ್ತಿ ಹಿಡಿದು ಹೊರಡುತ್ತಾನೆ. ನಾಬಾಲನ ಹೆಂಡತಿ ಅಬೀಗೈಲಳು ದಾವೀದನಿಗೆ 200 ರೊಟ್ಟಿ, 5 ಕುರಿಯ ಅಡುಗೆ, ಒಣದ್ರಾಕ್ಷಿ, ಅಂಜೂರ ಎಲ್ಲ ಕತ್ತೆಗಳ ಮೇಲೆ ಹೇರಿಸಿ ಮೊದಲು ಕಳಿಸುತ್ತಾಳೆ, ಮಾತು ಆಮೇಲೆ. ಮನೆಗೆ ಬಂದರೆ ಗಂಡ ಕುಡಿದು ಮತ್ತನಾಗಿದ್ದಾನೆ. ಆ ರಾತ್ರಿ ತುಟಿ ಬಿಚ್ಚುವುದಿಲ್ಲ, ಬೆಳಿಗ್ಗೆ ಅಮಲು ಇಳಿದ ಮೇಲೆ ಹೇಳುತ್ತಾಳೆ. ಯಾವಾಗ ಮಾತಾಡಬೇಕು ಅನ್ನುವುದರ ಬಗ್ಗೆಯೇ ಒಂದು ಮಧ್ಯಾಹ್ನ ಕಳೆಯಿತು. ಆಮೇಲೆ ಫಿಲಿಪ್ಪಿಯ ಸಭೆಯ ಯುವೊದ್ಯ, ಸಂತುಕೆ. ಅಪೊಸ್ತಲ ಪೌಲನ ಜೊತೆ ದುಡಿದ ಈ ಇಬ್ಬರು ಹೆಂಗಸರಿಗೆ ಯಾಕೆ ಮನಸ್ತಾಪ ಬಂತು ಅಂತ ಅವನು ಆ ಸಭೆಗೆ ಬರೆದ ಪತ್ರದಲ್ಲಿಲ್ಲ. ಪೌಲ ಯಾರ ಪರವೂ ಹಿಡಿಯುವುದಿಲ್ಲ. ಅವರಿಗೆ ಸಹಾಯ ಮಾಡು ಅಂತ ಮೂರನೆಯವರಿಗೆ ಬರೆಯುತ್ತಾನೆ. ಆ ಮೂರನೆಯವರ ಕೆಲಸ ಕಲಿಯುವುದೇ ತರಬೇತಿ.

ಅಭ್ಯಾಸ ಹೀಗೆ: ಒಬ್ಬರು ಐದು ನಿಮಿಷ ಮಾತಾಡಬೇಕು. ಎದುರಿನವರು ನಡುವೆ ಬಾಯಿ ಹಾಕದೆ ಕೇಳಿ, ಕೇಳಿದ್ದನ್ನು ತಮ್ಮ ಮಾತಲ್ಲಿ ವಾಪಸ್ ಹೇಳಬೇಕು. ಬುದ್ಧಿವಾದ ಇಲ್ಲ, ಬೈಬಲ್ ವಚನ ಹೇಳುವುದೂ ಇಲ್ಲ. ನಮ್ಮಂಥವರಿಗೆ ಇದು ಬಹಳ ಕಷ್ಟ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಗಳ ಹರಾಜು ನಡೆಯುವಾಗ ನನ್ನ ಹಲಸಿನ ಹಣ್ಣನ್ನು ಬೇಕಂತಲೇ ಕೊನೆಗಿಟ್ಟರು ಅಂತ ಒಬ್ಬರು ಶುರು ಮಾಡಿದರು. ಎಲ್ಲರಿಗೂ ನಗು. ಮೂರನೇ ನಿಮಿಷಕ್ಕೆ ವಿಷಯ ಹಲಸಿನದಲ್ಲ, ಗಂಡ ಸತ್ತ ಮೇಲೆ ಸಂಘದಲ್ಲಿ ತನ್ನನ್ನು ಯಾರೂ ಲೆಕ್ಕಕ್ಕೆ ಇಡುತ್ತಿಲ್ಲ ಅನ್ನುವುದು ಅಂತ ತಿಳಿಯಿತು.

ತರಬೇತಿ ಕೊಡುವವರನ್ನು ಗೊತ್ತು ಮಾಡುವಾಗ ಎರಡು ವಿಷಯ ಮೊದಲೇ ಮಾತಾಡಿ. ಎಲ್ಲರ ಮುಂದೆ ಎದ್ದು ನಿಂತು ಕ್ಷಮೆ ಕೇಳಿಸುವ ಕಾರ್ಯಕ್ರಮ ಬೇಡ. ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲೂ ಮೊದಲು ಇಬ್ಬರೇ ಕೂತು ಮಾತಾಡಿ ಅಂತಲೇ ಇದೆ, ಸಭೆಗೆ ತಿಳಿಸುವುದು ಕೊನೆಗೆ. ಎರಡನೆಯದು, ಮನೆಯಲ್ಲಿ ಹೊಡೆತ ತಿನ್ನುವವಳಿಗೆ 'ಹೊಂದಿಕೊಂಡು ಹೋಗು' ಅನ್ನುವವರು ನಿಮಗೆ ಬೇಡವೇ ಬೇಡ. ಅದು ರಾಜಿ ಮಾಡಿಸುವ ವಿಷಯ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು, 181 ಮಹಿಳಾ ಸಹಾಯವಾಣಿ ಎರಡರ ಬಗ್ಗೆಯೂ ಅರ್ಧ ಗಂಟೆಯಾದರೂ ಇಡಿ. ಹೊಡೆಯುವವನು ಪಾಸ್ಟರ್ ಆಗಿದ್ದರೂ ಕಾನೂನು ಅದೇ.

ಗುರುವಾರ ವಾಪಸ್ ಹೋಗುವಾಗ ಸಮಯ ಇದ್ದರೆ ಶೆಟ್ಟಿಹಳ್ಳಿಗೆ ಹೋಗಿ. ಹಾಸನದಿಂದ ಸುಮಾರು 20 ಕಿಲೋಮೀಟರ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚ್, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದಿದೆ. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಬುಡದವರೆಗೂ ಕಾಣುತ್ತದೆ. ಗೋಡೆಗಳು ಶಿಥಿಲ, ಫೋಟೋಗಾಗಿ ಕಮಾನಿನ ಕೆಳಗೆ ನಿಲ್ಲಬೇಡಿ. ನೆರಳು ಕಮ್ಮಿ, ನೀರು ತೆಗೆದುಕೊಂಡು ಹೋಗಿ.

ಖರ್ಚಿನ ವಿಷಯ ಒಂದು ಬಾಕಿ. ನಮ್ಮಲ್ಲಿ ಜಾಸ್ತಿ ಜನ ಮನೆ ಖರ್ಚಿನಲ್ಲಿ ಉಳಿಸಿ ತಂದಿದ್ದರು, ಅದು ಸರಿಯಲ್ಲ. ಅಯ್ಯನವರುಗಳ ರಿಟ್ರೀಟ್‌ಗೆ ಹಣ ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಇದಕ್ಕೂ ಬರಲಿ. ಸಭಾ ಕಮಿಟಿ ವರ್ಷದ ಬಜೆಟ್‌ಗೆ ಕೂರುವ ಮುಂಚೆ ಲಿಖಿತವಾಗಿ ಅರ್ಜಿ ಕೊಡಿ. ಬಾಯಿಮಾತಿಗೆ ಕೇಳಿದರೆ 'ಮುಂದಿನ ವರ್ಷ ನೋಡೋಣ' ಅಂತಾರೆ.