ಹೈಬ್ರಿಡ್ಡಾ, ಲಾಂಗ್ ಐರನ್ನಾ? ತೊಗರಿ ಹೊಲದಿಂದ ಒಂದು ಉತ್ತರ

ನಾನು ಗಾಲ್ಫ್ ಆಡುತ್ತೇನೆ ಅಂದ ಕೂಡಲೇ ಕಲಬುರಗಿಯಲ್ಲಿ ಜನ ಕೇಳುವುದು ಒಂದೇ: ‘ಎಲ್ಲಿ?’ ಅದಕ್ಕೆ ಉತ್ತರ ಸುಲಭ. ಸೇಡಂ ರಸ್ತೆ ಕಡೆ ನಮ್ಮ ಹೊಲ ಇದೆ. ತೊಗರಿ ರಾಶಿ ಮುಗಿದ ಮೇಲೆ, ಮುಂಗಾರು ಬರುವ ತನಕ ಅದು ನನ್ನದು. ಉಳಿದ ದಿನ ಮನೆ ಮಾಳಿಗೆ ಮೇಲೆ ಬಲೆ ಕಟ್ಟಿಕೊಂಡು ಹೊಡೆಯುತ್ತೇನೆ. ಪಕ್ಕಾ ಕೋರ್ಸ್, ಅಂದರೆ ಗಾಲ್ಫ್ ಮೈದಾನವೇ ಬೇಕು ಅನಿಸಿದರೆ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಹೈದರಾಬಾದಿಗೆ ಹೋಗುತ್ತೇನೆ. ಗೋಲ್ಕೊಂಡ ಕೋಟೆಯ ಮಗ್ಗುಲಲ್ಲೇ 18 ಹೋಲಿನ (ಚೆಂಡು ಬೀಳಿಸಬೇಕಾದ 18 ಗುಳಿಯ) ಕೋರ್ಸ್ ಇದೆ. ವಾಡಿ ದಾಟುವುದರೊಳಗೆ ಒಬ್ಬರಾದರೂ ಆ ಉದ್ದನೆ ಚೀಲದಲ್ಲಿ ಏನಿದೆ ಅಂತ ಕೇಳುತ್ತಾರೆ. ಒಮ್ಮೆ ಬೇಸತ್ತು ತಂಬೂರಿ ಅಂದುಬಿಟ್ಟೆ. ‘ಹಂಗಾರ ಒಂದ್ ತತ್ವಪದ ಹಾಡ್ರಿ’ ಅಂದರು.

ಎರಡನೆಯ ಪ್ರಶ್ನೆ ಬರುವುದು ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಂದ. ಕಂಪನಿಯವರು ಒಂದಿನ ಗಾಲ್ಫಿಗೆ ಕರೆದುಕೊಂಡು ಹೋಗಿರುತ್ತಾರೆ, ಹುಚ್ಚು ಹಿಡಿದಿರುತ್ತದೆ. ‘ಕಾಕಾ, ಹೊಸ ಸೆಟ್ ತಗೊಳ್ತಿದೀನಿ. 3, 4 ನಂಬರ್ ಐರನ್ ಹೊಡೆಯೋದು ಕಲೀಲಾ, ಇಲ್ಲ ಸುಮ್ನೆ ಹೈಬ್ರಿಡ್ ತಗೊಂಡುಬಿಡ್ಲಾ?’ ಆ ‘ಸುಮ್ನೆ’ಯಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಹೈಬ್ರಿಡ್ ಹಿಡಿದರೆ ಕೈಲಾಗದವನು ಅಂತ ನಗ್ತಾರಾ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೆಂಡು ಹೊಡೆಯುವ ಸಾಧನಕ್ಕೆ ಕ್ಲಬ್ ಅನ್ನುತ್ತಾರೆ, ಐರನ್ ಅದರಲ್ಲಿ ಒಂದು ಬಗೆ. ಚೀಲದಲ್ಲಿ 14 ಕ್ಲಬ್‌ಗಿಂತ ಜಾಸ್ತಿ ಇಡುವಂತಿಲ್ಲ. ಐರನ್‌ಗಳಲ್ಲಿ ನಂಬರ್ ಸಣ್ಣದಾದಷ್ಟೂ ಕೋಲು ಉದ್ದ, ಚೆಂಡಿಗೆ ತಾಗುವ ಮುಖ ನೆಟ್ಟಗೆ. 3, 4 ನಂಬರಿನವು ಲಾಂಗ್ ಐರನ್. ಇವುಗಳ ತಲೆ ತೆಳ್ಳಗೆ, ಮೇಲಿನಿಂದ ನೋಡಿದರೆ ಕುರ್ಪಿಯ ಅಲಗಿನ ಹಾಗೆ. ಅದೇ ದೂರಕ್ಕೆ ಹೊಡೆಯಲು ಬಂದದ್ದು ಹೈಬ್ರಿಡ್. ಮುಖ ಐರನ್ನಿನದು, ಹಿಂದೆ ದೂರ ಹೊಡೆಯುವ ದಪ್ಪ ತಲೆಯ ಕ್ಲಬ್ಬಾದ ವುಡ್‌ನ ಹಾಗೆ ಗುಂಡಗಿನ ಹೊಟ್ಟೆ.

ನನ್ನ ಉತ್ತರ: ಹೈಬ್ರಿಡ್ ತಗೋ. ನಾಚಿಕೆ ಬೇಡ. ಆದರೆ ಸೆಟ್ಟಿನ ಜೊತೆ 4 ನಂಬರ್ ಐರನ್ ಬಂದರೆ ಮಾರಬೇಡ.

ಇಷ್ಟು ಹೇಳುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ಆಟ ಕಲಿತಾಗ ಹಳೆಯ ಕಾಲದ ಒಂದು 3 ಐರನ್ ಅಗ್ಗಕ್ಕೆ ಸಿಕ್ಕಿತ್ತು. ಅಮೆರಿಕದ ದಿಗ್ಗಜ ಬೆನ್ ಹೋಗನ್ 1950ರಲ್ಲಿ ಮೆರಿಯನ್ ಕೋರ್ಸಿನ ಕೊನೆಯ ಹೋಲಿನಲ್ಲಿ 1 ಐರನ್ ಬೀಸಿ ನಿಂತ ಫೋಟೋ ನೋಡಿದ್ದೆ. ಆ ಭಂಗಿ ನೋಡಿದ ಯಾರಿಗಾದರೂ ಹುಚ್ಚು ಹಿಡಿಯಬೇಕು. ಊರಿಗೆ ವಾಪಸ್ ಬಂದ ಮೇಲೂ ಅದೇ ಜಿದ್ದು. ಹೊಲದಲ್ಲಿ ಬೆಳಿಗ್ಗೆ 6ಕ್ಕೆ ನಿಂತು ಹೊಡೆಯುತ್ತಿದ್ದೆ. ಹತ್ತರಲ್ಲಿ ಒಂದು ಚೆನ್ನಾಗಿ ಸಿಗುತ್ತಿತ್ತು. ಅದು ಸಿಕ್ಕಾಗ ಕೈಗೆ ಏನೂ ತಗುಲಿದ ಹಾಗೇ ಇರುವುದಿಲ್ಲ, ಬೆಣ್ಣೆ ಕತ್ತರಿಸಿದ ಹಾಗೆ. ಆ ಒಂದರ ನೆನಪಿನಲ್ಲಿ ಉಳಿದ ಒಂಬತ್ತನ್ನು ಮರೆಯುತ್ತಿದ್ದೆ. ಮರೆಯದವನು ನಮ್ಮ ಹೊಲ ನೋಡಿಕೊಳ್ಳುವವನು. ದಿನಾ ಕೇಳುತ್ತಿದ್ದ: ‘ಇವತ್ತ ಎಷ್ಟ್ ನೆಲ ಹರಗಿದ್ರಿ?’

ಕೊನೆಗೆ ಒಂದು ದಿನ ಅಳೆದೇ ಬಿಡೋಣ ಅಂತ ಕೂತೆ. ಕುಂಟಿ ಹೊಡೆದ ಎರೆ ಹೊಲದಲ್ಲಿ ಒಂದು ಅನುಕೂಲ ಇದೆ, ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಉರುಳಿದ ದೂರ ಸೇರುವುದಿಲ್ಲ, ಹಾರಿದ ದೂರ ಮಾತ್ರ ಸಿಗುತ್ತದೆ. ಬದುವಿನ ಗರಿಕೆ ಮೇಲೆ ಚೆಂಡಿಟ್ಟು ಹೊಡೆದೆ. (ಗಣಪತಿಗೆ ಏರಿಸುವ ನಮ್ಮ ಗರಿಕೆಯನ್ನೇ ಗಾಲ್ಫಿನವರು ಬರ್ಮುಡಾ ಹುಲ್ಲು ಅನ್ನುತ್ತಾರೆ. ಬಿಸಿಲ ಸೀಮೆಯ ಕೋರ್ಸುಗಳಲ್ಲಿ ಅದೇ ಹಾಸಿರುತ್ತದೆ.) ಪ್ರತಿ ಕ್ಲಬ್ಬಿನಲ್ಲಿ ಹದಿನೈದು ಚೆಂಡು. ಆಮೇಲೆ ಹಗ್ಗ ಹಿಡಿದು ಅಳೆದೆ. 5 ಐರನ್ ಸರಾಸರಿ 150 ಗಜ. 4 ಐರನ್ 152. ಆ ನನ್ನ ಮುದ್ದಿನ 3 ಐರನ್ 147!

ಅಂದರೆ ಉದ್ದ ಕೋಲು ಹಿಡಿದು, ಬೆನ್ನು ನೋಯಿಸಿಕೊಂಡು, ನಾನು ಹತ್ತಿರಕ್ಕೆ ಹೊಡೆಯುತ್ತಿದ್ದೆ.

ಕಾರಣ ದೊಡ್ಡ ಗುಟ್ಟೇನಲ್ಲ. ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ ಅದು ಏಳಬೇಕು, ಹಿಂದಕ್ಕೆ ತಿರುಗುತ್ತಾ ಹೋಗಬೇಕು. ಅದಕ್ಕೆ ಮುಖದ ಓರೆ ಬೇಕು, ಇಲ್ಲವೇ ವೇಗ ಬೇಕು. ಹಳೆಯ 3 ಐರನ್ನಿನ ಓರೆ 21 ಡಿಗ್ರಿ ಆಸುಪಾಸು. ಅಷ್ಟು ಕಡಿಮೆ ಓರೆಯಲ್ಲಿ ಚೆಂಡು ಎತ್ತಲು ಕೈಯಲ್ಲಿ ವೇಗ ಇರಬೇಕು. ಅಮೆರಿಕದ ವೃತ್ತಿಪರರು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರನ್ನು ಗಂಟೆಗೆ ಸುಮಾರು 115 ಮೈಲಿ ವೇಗದಲ್ಲಿ ಬೀಸುತ್ತಾರೆ. ನಮ್ಮಂಥವರದು 90ರ ಆಚೀಚೆ. ಹಾಗಾಗಿ ನಮ್ಮ 3 ಐರನ್ ಚೆಂಡು ಬೇವಿನ ಮರದ ಅರ್ಧ ಎತ್ತರಕ್ಕೆ ಹೋಗಿ ಧೊಪ್ಪನೆ ಬೀಳುತ್ತದೆ. ಹೈಬ್ರಿಡ್ಡಿನ ಒಳಗೆ ಟೊಳ್ಳು. ಉಳಿಸಿದ ತೂಕವನ್ನೆಲ್ಲ ಕೆಳಗೆ, ಹಿಂದೆ ಇಟ್ಟಿರುತ್ತಾರೆ. ತೂಕ ಕೆಳಗೆ, ಹಿಂದೆ ಇದ್ದರೆ ಅದೇ ಓರೆಯಲ್ಲೂ ಚೆಂಡು ಹೆಚ್ಚು ಏಳುತ್ತದೆ. ಮುಖದ ನಡುವೆ ಸಿಗದಿದ್ದರೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಅಡಿ ಅಗಲ ಇರುವುದರಿಂದ ಮಣ್ಣಿಗೆ ನುಗ್ಗದೆ ಜಾರುತ್ತದೆ. ಎರೆ ಮಣ್ಣಿನಲ್ಲಿ ತೆಳ್ಳನೆ ಐರನ್ ಏನು ಮಾಡುತ್ತದೆ ಅಂತ ನನ್ನ ಮಣಿಕಟ್ಟನ್ನು ಕೇಳಿ.

ಸರಿ, ಹೈಬ್ರಿಡ್ ತಂದೆ. ಮೊದಲ ವಾರ ಅದು 3 ಐರನ್ನಿಗಿಂತ ಕಡೆ! ಚೆಂಡಿನ ನೆತ್ತಿಗೆ ಬಡಿದು ಅದು ಮೊಲದ ಹಾಗೆ ನೆಲದಲ್ಲೇ ಓಡುತ್ತಿತ್ತು. ಎಲ್ಲರೂ ಎಡವುವುದು ಇಲ್ಲೇ. ಹೊಟ್ಟೆ ನೋಡಿದರೆ ವುಡ್‌ನ ಹಾಗಿದೆ, ಹಾಗಾಗಿ ವುಡ್‌ನ ಹಾಗೆ ಗುಡಿಸಿ ಎತ್ತಲು ಹೋಗುತ್ತೇವೆ. ಹೈಬ್ರಿಡ್ಡನ್ನು ಐರನ್ನಿನ ಹಾಗೇ ಹೊಡೆಯಬೇಕು. ಬೀಸು ಇಳಿಯುತ್ತಿರುವಾಗಲೇ ಮೊದಲು ಚೆಂಡು, ಆಮೇಲೆ ಹುಲ್ಲು. ಐರನ್ನಿನಷ್ಟು ಮಣ್ಣು ಕಿತ್ತು ಬರಬೇಕಿಲ್ಲ, ಹುಲ್ಲಿನ ತುದಿ ಸವರಿದರೆ ಸಾಕು. ಬಲಗೈಯವರಾದರೆ ಚೆಂಡು ಎಡ ಹಿಮ್ಮಡಿಯಿಂದ ಎರಡು ಚೆಂಡಿನಷ್ಟು ಒಳಗಿರಲಿ. ಮೇಲಕ್ಕೆ ಎತ್ತುವ ಕೆಲಸ ಕ್ಲಬ್ಬಿನ ಓರೆಗೆ ಬಿಡಿ.

ಇದನ್ನು ಕಲಿತದ್ದು ರಂಗೋಲಿ ಪುಡಿಯಿಂದ. ನೆಲದ ಮೇಲೆ ಆ ಪುಡಿಯಿಂದ ಒಂದು ಗೆರೆ ಎಳೆಯಿರಿ, ಚೆಂಡು ಬೇಡ. ಗೆರೆ ಎರಡು ಕಾಲುಗಳ ನಡುವಿಗಿಂತ ತುಸು ಎಡಕ್ಕೆ ಬರುವಂತೆ ನಿಂತು ಬೀಸಿ. ಕ್ಲಬ್ ನೆಲ ಮುಟ್ಟಿದ ಗುರುತು ಗೆರೆಯ ಮೇಲೆ ಇಲ್ಲವೇ ಅದರ ಎಡಕ್ಕೆ ಬೀಳಬೇಕು. ಬಲಕ್ಕೆ ಬಿದ್ದರೆ ನೀವಿನ್ನೂ ಹಿಂಗಾಲಿನ ಮೇಲೇ ನಿಂತಿದ್ದೀರಿ, ಎತ್ತಲು ಹೋಗುತ್ತಿದ್ದೀರಿ ಅಂತ ಅರ್ಥ. ನನ್ನ ಗುರುತು ಮೊದಲ ದಿನ ಗೇಣು ಹಿಂದಿತ್ತು. ಮೂರು ವಾರ, ದಿನಕ್ಕೆ ನಲವತ್ತು ಬೀಸು. ಗೆರೆ ದಾಟಿತು. ಮನೆಯಲ್ಲಿ ರಂಗೋಲಿ ಡಬ್ಬಿ ಖಾಲಿಯಾಗಿ ಅದಕ್ಕೆ ಬೇರೆ ಮಾತು ಕೇಳಿದೆ.

ಮಾಳಿಗೆಯಲ್ಲಿ ಇದನ್ನು ಕಲಿಯಲು ಆಗಲಿಲ್ಲ, ಯಾಕೆ ಅಂತ ಆಮೇಲೆ ತಿಳಿಯಿತು. ಕೆಳಗೆ ಶಹಾಬಾದ್ ಫರಸಿ, ಮೇಲೆ ಮ್ಯಾಟ್. ಕ್ಲಬ್ ಚೆಂಡಿಗಿಂತ ಎರಡು ಇಂಚು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ. ಸದ್ದು ಚೆನ್ನಾಗಿರುತ್ತದೆ, ಬಲೆಯೂ ನಡುಗುತ್ತದೆ. ನಾವು ಭಲೇ ಅಂದುಕೊಳ್ಳುತ್ತೇವೆ. ಮ್ಯಾಟ್ ಸುಳ್ಳು ಹೇಳುತ್ತದೆ, ಹೈಬ್ರಿಡ್ಡಿನ ಅಗಲ ಅಡಿ ಆ ಸುಳ್ಳಿಗೆ ಸಾಥ್ ಕೊಡುತ್ತದೆ. 4 ಐರನ್ ಮಾರಬೇಡ ಅಂದದ್ದು ಇದಕ್ಕೇ. ವಾರಕ್ಕೊಮ್ಮೆ ಹುಲ್ಲಿನ ಮೇಲೆ ಅದರಲ್ಲಿ ಹತ್ತು ಚೆಂಡು ಹೊಡೆದು ನೋಡಿ. ಬೀಸು ಕೆಟ್ಟಿದ್ದರೆ ಹೈಬ್ರಿಡ್ ಮುಚ್ಚಿಡುತ್ತದೆ, ಐರನ್ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ವಿಷಯ. ನಂಬರ್ ನೋಡಿ ಕೊಳ್ಳಬೇಡಿ. ಹಿಂದೆ 7 ಐರನ್ ಅಂದರೆ 34, 35 ಡಿಗ್ರಿ. ಈಗ ಹೊಸಬರಿಗೆ ಮಾರುವ ಸೆಟ್ಟುಗಳಲ್ಲಿ 28ರಿಂದ 30. ಹೀಗಾಗಿ ನಿಮ್ಮ ಸೆಟ್ಟಿನ ‘5’ ಹಳೆಯ ಲೆಕ್ಕದಲ್ಲಿ 4, ಕೆಲವೊಮ್ಮೆ ಹೆಚ್ಚುಕಡಿಮೆ 3. ಚೆನ್ನಾಗಿ ಹೊಡೆಯಲು ಬರುವ ಅತಿ ಉದ್ದದ ಐರನ್ ಎಷ್ಟು ದೂರ ಹಾರುತ್ತದೆ ಅಂತ ಅಳೆದು, ಅದಕ್ಕಿಂತ 12, 15 ಗಜ ಮುಂದೆ ಹೋಗುವ ಹೈಬ್ರಿಡ್ ಹುಡುಕಿ. ನನ್ನದು 22 ಡಿಗ್ರಿ, ಹಾರುವುದು 165 ಗಜ. ಕೋಲಿನ ತೂಕವನ್ನೂ ನೋಡಿ. ನಾನು ಮೊದಲು ತಂದ ಹೈಬ್ರಿಡ್ಡಿನ ಕೋಲು ನನ್ನ ಐರನ್‌ಗಳಿಗಿಂತ ತೀರಾ ಹಗುರ. ಅಂಗಡಿಯವನು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಚೆಂಡು ಸದಾ ಎಡಕ್ಕೆ ಬಾಗಿ ಪಕ್ಕದವರ ಕಡಲೆ ಹೊಲಕ್ಕೆ. ಹೈಬ್ರಿಡ್ಡಿಗೆ ಎಡಕ್ಕೆ ಎಳೆಯುವ ಚಾಳಿ ಸ್ವಲ್ಪ ಮೊದಲೇ ಇದೆ, ಹಗುರ ಕೋಲು ಅದನ್ನು ಜಾಸ್ತಿ ಮಾಡಿತು. ಜೋರಾಗಿ ಬೀಸುವವರು ಕೆಲವರು ಹೈಬ್ರಿಡ್ ಬೇಡ ಅನ್ನುವುದೂ ಇದಕ್ಕೇ.

ಇನ್ನು ಆ ನಗುವವರ ವಿಷಯ. 2009ರ ಪಿಜಿಎ ಚಾಂಪಿಯನ್‌ಶಿಪ್‌ನ ಕೊನೆಯ ಹೋಲಿನಲ್ಲಿ ಕೊರಿಯಾದ ವೈ. ಇ. ಯಾಂಗ್ 200 ಗಜಕ್ಕೂ ಹೆಚ್ಚು ದೂರದಿಂದ 3 ನಂಬರ್ ಹೈಬ್ರಿಡ್ಡಿನಲ್ಲಿ ಹೊಡೆದು ಬಾವುಟದ ಹತ್ತಿರ ನಿಲ್ಲಿಸಿದ. ಎದುರಿಗಿದ್ದವನು ಟೈಗರ್ ವುಡ್ಸ್. ಮೇಜರ್ (ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆದ್ದ ಏಷ್ಯಾದ ಮೊದಲ ಗಂಡಸು ಯಾಂಗ್. ಅದಕ್ಕೂ ಮುಂಚೆ, 2004ರ ಬ್ರಿಟಿಷ್ ಓಪನ್‌ನಲ್ಲಿ ಟಾಡ್ ಹ್ಯಾಮಿಲ್ಟನ್ ಪ್ಲೇಆಫ್‌ನ ಕೊನೆಯ ಹೋಲಿನಲ್ಲಿ ಹೈಬ್ರಿಡ್ಡನ್ನು ಪಟ್ಟರಿನ (ಚೆಂಡನ್ನು ಗುಳಿಗೆ ಉರುಳಿಸುವ ಕ್ಲಬ್) ಹಾಗೆ ಹಿಡಿದು ನೆಲದಲ್ಲೇ ಉರುಳಿಸಿ, ಎರ್ನಿ ಎಲ್ಸ್‌ನನ್ನು ಸೋಲಿಸಿದ. ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ) ಅಂಚಿನಿಂದ ಉರುಳಿಸುವ ಈ ಹೊಡೆತ ಕಲಿಯಲು ಅರ್ಧ ಗಂಟೆ ಸಾಕು, ಕಲಿತಿಡಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನಲ್ಲಿ ಇಲ್ಲವೇ ಇಲ್ಲ. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು, ಕಂಚು ಒಂದೇ ಹೊಡೆತದಲ್ಲಿ ತಪ್ಪಿತು. ಇವರನ್ನೆಲ್ಲ ನೋಡಿ ನಗುವವನು ನಗಲಿ.

ಲಾಂಗ್ ಐರನ್ನಿಗೆ ಕಾಲ ಇಲ್ಲವೇ? ಇದೆ, ಆಷಾಢ. ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ, ಒಣಗಿಸಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಆ ಗಾಳಿಗೆ ಎದುರಾಗಿ ಹೈಬ್ರಿಡ್ ಹೊಡೆದರೆ ಚೆಂಡು ಗಾಳಿಪಟದ ಹಾಗೆ ಏರಿ ಅಲ್ಲೇ ನಿಲ್ಲುತ್ತದೆ. ಗಾಳಿಯ ಅಡಿಯಲ್ಲಿ ನುಸುಳಿಸಲು, ಮರದ ಕೊಂಬೆ ಕೆಳಗಿಂದ ಪಾರಾಗಲು ಐರನ್ನೇ ಸೈ. ಆ ಎರಡು ಕೆಲಸಕ್ಕೆ ನನ್ನ 4 ಐರನ್ ಇನ್ನೂ ಚೀಲದಲ್ಲಿದೆ. 3 ಐರನ್ ಹೊಲದ ಗುಡಿಸಲಲ್ಲಿದೆ. ಕೊಡು ಅಂದರೆ ಕೊಡುವುದಿಲ್ಲ.

ಇಷ್ಟಾದರೂ ನಂಬಿಕೆ ಬರದಿದ್ದರೆ ಜನವರಿ ಕೊನೆಗೆ ಬನ್ನಿ, ರಾಶಿ ಮುಗಿದಿರುತ್ತದೆ. ಎರಡನ್ನೂ ಕೊಡುತ್ತೇನೆ, ಹದಿನೈದು ಹದಿನೈದು ಚೆಂಡು ಹೊಡೆಯಿರಿ, ಹಗ್ಗ ಹಿಡಿಯಲು ನಾನಿದ್ದೇನೆ. ಏಪ್ರಿಲ್‌ಗೆ ಮಾತ್ರ ಬೇಡ. ಆಗ ಎರೆ ಬಾಯಿ ಬಿಟ್ಟಿರುತ್ತದೆ, ಆ ಬಿರುಕಿನೊಳಗೆ ಚೆಂಡು ಇಳಿದರೆ ಮಳೆಗಾಲ ಮುಗಿದು ಉಳುವ ತನಕ ಸಿಗುವುದಿಲ್ಲ. ಮತ್ತೆ, ರಂಗೋಲಿ ಪುಡಿ ನೀವೇ ತನ್ನಿ.