ಜೊಆಲ್‌ನಿಂದ ಡಾಕಾರ್‌ಗೆ: ಕವಿ ಸೆಂಘೋರ್ ನಡೆದ ದಾರಿ

ಸೆನೆಗಲ್‌ನ ಮೊದಲ ಅಧ್ಯಕ್ಷ, ಫ್ರೆಂಚ್ ಭಾಷೆಯಲ್ಲಿ ಬರೆದ ಕವಿ ಲಿಯೊಪೋಲ್ಡ್ ಸೆಡಾರ್ ಸೆಂಘೋರ್ ಅವರ ಜಾಡು ಹಿಡಿದು ಹೋಗುವ ಎಷ್ಟೋ ಮಂದಿ ರಾಜಧಾನಿ ಡಾಕಾರ್ ಸುತ್ತಿ ಮರಳಿಬಿಡುತ್ತಾರೆ. ಆದರೆ ಅವರ ಕವಿತೆಯ ಬೇರು ಇರುವುದು ದಕ್ಷಿಣಕ್ಕೆ ಸುಮಾರು 115 ಕಿ.ಮೀ. ದೂರದ ಕಡಲತೀರದ ಊರು ಜೊಆಲ್‌ನಲ್ಲಿ. ಮೊದಲು ಅಲ್ಲಿಗೇ ಹೋಗಬೇಕು.

ಭಾರತದಿಂದ ಹೊರಡುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. ಲಸಿಕೆಯ ಕಾರ್ಡ್ ಇಲ್ಲದಿದ್ದರೆ ವಾಪಸ್ ಬರುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಸಕ್ಕೆ ಕಳಿಸಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಒಣಗಿ ತಂಪಾಗಿರುತ್ತದೆ.

ಡಾಕಾರ್ ಹೊರವಲಯದ ಪಿಕಿನ್‌ನಲ್ಲಿರುವ ಬೋ ಮರೇಷೆ ನಿಲ್ದಾಣದಲ್ಲಿ ‘ಸೆಟ್ ಪ್ಲಾಸ್’ ಎಂಬ ಏಳು ಸೀಟಿನ ಹಳೆಯ ಪ್ಯೂಜೊ ಕಾರುಗಳು ಸಿಗುತ್ತವೆ. ಇವಕ್ಕೆ ವೇಳಾಪಟ್ಟಿಯಿಲ್ಲ, ಏಳೂ ಸೀಟು ತುಂಬಿದ ಮೇಲೆಯೇ ಹೊರಡುವುದು. ಬೆಳಿಗ್ಗೆ ಬೇಗ ಹೋದರೆ ಬೇಗ ತುಂಬುತ್ತವೆ. ಬಿಸಿಲೇರಿದ ಮೇಲೆ ಹೋದವರು ಕಾದು ಕೂರಬೇಕು. ಲಗೇಜಿಗೆ ಬೇರೆ ದುಡ್ಡು, ಅದರಲ್ಲಿ ಚೌಕಾಸಿಗೆ ಜಾಗವಿದೆ. ಜೊಆಲ್‌ಗೆ ನೇರ ಗಾಡಿ ಸಿಗದಿದ್ದರೆ ಎಂಬೂರ್‌ನಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಚಿಲ್ಲರೆ ಫ್ರಾಂಕ್ ಕೈಯಲ್ಲಿರಲಿ.

ಜೊಆಲ್‌ನಲ್ಲಿ ‘ಎಂಬಿಂಡ್ ಜೋಗೋಯ್’ ಎಂದು ಕೇಳಿದರೆ ಸೆಂಘೋರ್ ಅವರ ತಂದೆಯ ಮನೆ ತೋರಿಸುತ್ತಾರೆ. ಈಗ ಅದು ವಸ್ತುಸಂಗ್ರಹಾಲಯ. ತಂದೆ ಬಾಸಿಲ್ ಜೋಗೋಯ್ ಅನುಕೂಲಸ್ಥ ವ್ಯಾಪಾರಿ, ಸೆರೇರ್ ಕುಲದ ಕ್ರೈಸ್ತ. 1906ರಲ್ಲಿ ಹುಟ್ಟಿದ ಮಗನಿಗೆ ಊರಿನ ಕಥೆ, ಹಾಡು, ದನಗಾಹಿಗಳ ಲೋಕ ಕಾಣಿಸಿದ್ದು ಸೋದರಮಾವ ಟೋಕೊ ವಾಲಿ. 1945ರಲ್ಲಿ ಬಂದ ಮೊದಲ ಸಂಕಲನದಲ್ಲೇ ‘ಜೊಆಲ್’ ಎಂಬ ಕವಿತೆಯಿದೆ. ಪ್ಯಾರಿಸ್‌ನಲ್ಲಿ ಓದಿ, ವ್ಯಾಕರಣದಲ್ಲಿ ಉನ್ನತ ಪರೀಕ್ಷೆ ಪಾಸು ಮಾಡಿ, ಜರ್ಮನರ ಯುದ್ಧಕೈದಿಯಾಗಿ ಸೆರೆಯಲ್ಲಿದ್ದು ಬಂದ ಮನುಷ್ಯ ಊರನ್ನು ಹೀಗೆ ಎದೆಯಲ್ಲಿಟ್ಟುಕೊಂಡಿದ್ದರು.

ಪಕ್ಕದ ಫಾದ್ಯೂತ್ ದ್ವೀಪಕ್ಕೆ ಮರದ ಸೇತುವೆಯ ಮೇಲೆ ನಡೆದೇ ಹೋಗಬೇಕು, ವಾಹನ ಬಿಡುವುದಿಲ್ಲ. ಇಡೀ ದ್ವೀಪ ತಲೆಮಾರುಗಳಿಂದ ತಿಂದು ಎಸೆದ ಚಿಪ್ಪಿನಿಂದ ಬೆಳೆದದ್ದು. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಚಿಪ್ಪಿನ ಅಂಚು ಚೂಪು, ತೆಳು ಚಪ್ಪಲಿ ಸಾಲದು. ಇನ್ನೊಂದು ಸೇತುವೆ ದಾಟಿದರೆ ಸ್ಮಶಾನ. ಚಿಪ್ಪಿನ ದಿಬ್ಬದ ಮೇಲೆ, ಬಾವೋಬಾಬ್ ಮರಗಳ ನಡುವೆ, ಕ್ರೈಸ್ತರೂ ಮುಸ್ಲಿಮರೂ ಒಂದೇ ನೆಲದಲ್ಲಿ ಮಲಗಿದ್ದಾರೆ. ಮುಸ್ಲಿಮರೇ ಬಹುಪಾಲು ಇರುವ ದೇಶವನ್ನು ಕ್ರೈಸ್ತರೊಬ್ಬರು 20 ವರ್ಷ ಆಳಿದ್ದು ಹೇಗೆ ಎಂದು ಕೇಳುವವರು ಇಲ್ಲಿಗೆ ಬಂದು ನೋಡಬೇಕು.

ಬೆಂಕಿಗೂ ಇಲಿಗೂ ಹೆದರಿ ಸಜ್ಜೆಯ ಕಣಜಗಳನ್ನು ಊರಿಂದ ದೂರ, ನೀರಿನ ಮೇಲೆ, ಕಂಬಗಳ ಮೇಲೆತ್ತಿ ಕಟ್ಟಿದ್ದಾರೆ. ಅಲ್ಲಿಗೆ ದೋಣಿ ಬೇಕು. ಇಳಿತದ ಹೊತ್ತಿನಲ್ಲಿ ಹೋದರೆ ದೋಣಿ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಭರತದ ಸಮಯ ಕೇಳಿಕೊಂಡೇ ಹೊರಡಿ.

ಡಾಕಾರ್‌ಗೆ ಮರಳಿ ಫಾನ್ ಬಡಾವಣೆಯ ಕಡಲ ದಂಡೆಗೆ ಬಂದರೆ ಸೆಂಘೋರ್ ಅವರ ಮನೆ. 2014ರಿಂದ ಇದೂ ವಸ್ತುಸಂಗ್ರಹಾಲಯ. ತೆರೆದಿದೆಯೇ ಎಂದು ಹೋಟೆಲಿನವರಿಂದ ಮೊದಲೇ ಫೋನ್ ಮಾಡಿಸಿ. ಗೋಡೆಯ ಮೇಲಿನ ಹಲ್ಲಿನಂಥ ಮೊನೆಗಳಿಂದ ಊರವರು ಇದನ್ನು ‘ಕಡಲ ಹಲ್ಲು’ ಎನ್ನುತ್ತಾರೆ. 1960ರಲ್ಲಿ ಅಧ್ಯಕ್ಷರಾದವರು ರಾಷ್ಟ್ರಗೀತೆಯನ್ನೂ ತಾವೇ ಬರೆದರು, 1966ರಲ್ಲಿ ಕರಿಯರ ಕಲೆಗಳ ವಿಶ್ವ ಉತ್ಸವ ನಡೆಸಿದರು. ಪ್ರಧಾನಿಯಾಗಿದ್ದ ಗೆಳೆಯ ಮಾಮದು ಜಾ ಅವರನ್ನು 1962ರಲ್ಲಿ ಬಂಧಿಸಿ 1974ರವರೆಗೆ ಸೆರೆಯಲ್ಲಿಟ್ಟದ್ದೂ ಅವರ ಆಳ್ವಿಕೆಯೇ. ಕವಿತೆಯನ್ನು ಮೆಚ್ಚುವವರು ಇದನ್ನು ಮರೆಮಾಚಬಾರದು. 1980ರ ಡಿಸೆಂಬರ್ 31ರಂದು ಅವಧಿ ಮುಗಿಯುವ ಮೊದಲೇ ತಾವಾಗಿ ಕುರ್ಚಿ ಬಿಟ್ಟರು. ಆಗಿನ ಆಫ್ರಿಕಾದಲ್ಲಿ ಅದು ಬಲು ಅಪರೂಪ. ಸಮಾಧಿ ಬೆಲ್‌ಏರ್ ಸ್ಮಶಾನದಲ್ಲಿದೆ.

ಕನ್ನಡಿಗರು ಒಂದು ಹೊತ್ತನ್ನು ಡಾಕಾರ್ ವಿಶ್ವವಿದ್ಯಾಲಯಕ್ಕೂ ಮೀಸಲಿಡಬೇಕು. ದ್ರಾವಿಡ ಮತ್ತು ಆಫ್ರಿಕನ್ ನುಡಿಗಳಿಗೆ ನಂಟಿದೆ ಎಂಬ ವಾದದ ಬಗ್ಗೆ ಸೆಂಘೋರ್‌ಗೆ ಬಹಳ ಆಸಕ್ತಿಯಿತ್ತು. ಉಡುಪಿಯ ಯು.ಪಿ. ಉಪಾಧ್ಯಾಯ, ಮುಂದೆ ತುಳು ನಿಘಂಟು ಕಟ್ಟಿದವರು, 1970ರ ದಶಕದಲ್ಲಿ ಇಲ್ಲೇ ಆ ಹೋಲಿಕೆಯ ಕೆಲಸ ಮಾಡಿದರು. ವಿಶ್ವವಿದ್ಯಾಲಯದ ಆಫ್ರಿಕಾ ಸಂಶೋಧನಾ ಸಂಸ್ಥೆಯ ಹೆಸರು ‘ಇಫಾನ್’. ಟ್ಯಾಕ್ಸಿಯವರಿಗೆ ಬರೀ ಹಾಗೆಂದರೆ ನಗರದ ಮಧ್ಯದ ಇಫಾನ್ ಮ್ಯೂಸಿಯಂಗೆ ಒಯ್ಯುತ್ತಾರೆ. ಸಂಶೋಧನಾ ಸಂಸ್ಥೆ ಇರುವುದು ಫಾನ್ ಕಡೆಯ ಕ್ಯಾಂಪಸ್ಸಿನಲ್ಲಿ. ‘ಯೂನಿವರ್ಸಿತೆ’ ಎಂದು ಸೇರಿಸಿ ಹೇಳಿ, ಪಾಸ್‌ಪೋರ್ಟ್ ಜೊತೆಗಿರಲಿ.